ನೀರು ಕುಡಿಯದ ಕಂಬಗಳು

ಮರ ತನ್ನ ಪಾಡಿಗೆ ತಾನು ಒಣಗುತ್ತದೆ. ನಗೆಪಾಟಲಾಗುವುದೆಲ್ಲ ಅದರ ಸುತ್ತ ನಿಂತವರಿಂದ. ಶಿಕಾರಿಪುರದಲ್ಲಿ ಅಂಗಳದ ಬೆಂಚು, ಗೇಟು, ಮಂಟಪ ಮಾಡಿಕೊಡುವ ನನಗೆ ಇದು ವರ್ಷಕ್ಕೆರಡು ಸಲವಾದರೂ ರುಜುವಾತಾಗುತ್ತದೆ. ಸೊರಬದ ವಕೀಲರೊಬ್ಬರ ಮನೆಯಲ್ಲಿ ಮಾತ್ರ ಒಂದೇ ಕೆಲಸದಲ್ಲಿ ನಾಲ್ಕು ಸಲ ಆಯಿತು.

ಅವರ ಮಗಳ ನಿಶ್ಚಿತಾರ್ಥ ಮನೆಯ ಅಂಗಳದಲ್ಲೇ ಎಂದು ನಿಗದಿಯಾಗಿತ್ತು. ಅದಕ್ಕೆ ನಾಲ್ಕು ಕಂಬದ ಮರದ ಮಂಟಪ ಬೇಕು. ಬೀಗರು ಶಿಕಾರಿಪುರದವರು. ಮಂಟಪ ಅರೆಬರೆಯಾಗಿ ನಿಂತರೆ ಸೊರಬದಲ್ಲಿ ವಕೀಲರ ಮಾನ, ಶಿಕಾರಿಪುರದಲ್ಲಿ ನನ್ನ ಹೆಸರು, ಎರಡೂ ಒಂದೇ ದಿನ ಹೋಗುವ ಹಾಗಿತ್ತು.

೧. ಸಾಕ್ಷಿ ವಿಚಾರಣೆ

ನಾನು ಬಳಸುವುದು ಔಷಧಿ ಇಳಿಸಿದ ಮರ. ದೊಡ್ಡ ಟ್ಯಾಂಕಿನಲ್ಲಿಟ್ಟು, ಒತ್ತಡ ಹಾಕಿ, ಗೆದ್ದಲು ತಿನ್ನದಂತೆ ಔಷಧಿಯನ್ನು ಒಳಗಿನವರೆಗೂ ಕುಡಿಸಿರುತ್ತಾರೆ. ಇದನ್ನು ವಕೀಲರಿಗೆ ವಿವರಿಸಿದೆ.

"ನೀವು ಹೇಳಿದ್ದು ಹೇಳಿಕೆ ಆಯ್ತು ಮಾರಾಯ್ರೇ. ಸಾಕ್ಷಿ ಎಲ್ಲಿ?" ಎಂದರು.

ಮರುದಿನ ಉಳವಿಯ ತಮ್ಮ ಜಮೀನಿನಿಂದ ಒಂದು ಟಿಫನ್ ಡಬ್ಬಿ ತುಂಬ ಜೀವಂತ ಗೆದ್ದಲನ್ನು ಮಣ್ಣು ಸಮೇತ ತಂದು ನನ್ನ ಮೇಜಿನ ಮೇಲಿಟ್ಟರು. "ನಿಮ್ಮ ಮರದ ತುಂಡು ಇದರೊಳಗೆ ಹಾಕಿ. ಎಂಟು ದಿನ ಬಿಟ್ಟು ವಿಚಾರಣೆ."

ನಾನೂ ಪಟ್ಟು ಹಿಡಿದೆ. ತುಂಡು ಹಾಕಿ, ಯಾರೂ ಮುಟ್ಟದಿರಲೆಂದು ಡಬ್ಬಿಯನ್ನು ಕಪಾಟಿನಲ್ಲಿ ಕಾಗದಪತ್ರಗಳ ಮೇಲಿಟ್ಟು ಬೀಗ ಹಾಕಿದೆ. ಎಂಟನೆಯ ದಿನ ಅವರೆದುರಿಗೇ ತೆಗೆದೆ. ಮರದ ತುಂಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಗೆದ್ದಲೂ ಇರಲಿಲ್ಲ. ಮುಚ್ಚಳದ ಸಂದಿಯಿಂದ ಇಳಿದು, ಕೆಳಗಿದ್ದ ನಮ್ಮಿಬ್ಬರ ಕರಾರು ಪತ್ರವನ್ನು ಅರ್ಧ ಮುಗಿಸಿದ್ದವು.

ವಕೀಲರು ಉಳಿದರ್ಧವನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡಿದರು. "ನಿಮ್ಮ ಸಹಿ ಉಳಿದಿದೆ. ನನ್ನದು ಹೋಗಿದೆ. ಒಟ್ಟಿನಲ್ಲಿ ಕೆಲಸ ನೀವು ಮಾಡಲೇಬೇಕು."

೨. ಬಣ್ಣದ ಮಾದರಿ

ಔಷಧಿ ಇಳಿಸಿದ ಮರ ಸ್ವಲ್ಪ ಹಸಿರು ಛಾಯೆಯಲ್ಲಿರುತ್ತದೆ. ಒಣಗಿದ ಮೇಲೆ ಅದಕ್ಕೆ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ ಕೊಟ್ಟು, ನೀರು ಇಳಿಯದಂತೆ ಮೇಲೆ ಸೀಲರ್ ಹಚ್ಚಬೇಕು. ಯಾವ ಬಣ್ಣ ಎಂದು ವಕೀಲರ ಹೆಂಡತಿಯನ್ನು ಕೇಳಿದೆ. ಹನ್ನೆರಡು ಬಣ್ಣದ ಪಟ್ಟಿ ತೋರಿಸಿದರೆ ಹನ್ನೆರಡೂ ಬೇಡ ಎಂದರು.

"ಕಾಫಿ ಬಣ್ಣ ಬೇಕು ಕಣ್ರೀ."

"ಕಾಫಿ ಎಂದರೆ ನೂರು ಬಗೆ ಇದೆ ಅಮ್ಮಾ. ನಿಖರವಾಗಿ ಹೇಳಬೇಕು."

ಅವರು ಒಳಗೆ ಹೋಗಿ ಡಿಕಾಕ್ಷನ್ನು, ಹಾಲು, ಗಾಜಿನ ಲೋಟ ತಂದರು. ಚಮಚದಲ್ಲಿ ಹಾಲು ಬೆರೆಸುತ್ತ, ಬಿಸಿಲಿಗೆ ಹಿಡಿದು ನೋಡುತ್ತ ಕಾಲು ಗಂಟೆ ಕಳೆದರು. "ಇದೇ. ಒಂದು ಚೂರು ಆಚೆ ಈಚೆ ಆಗಬಾರದು." ನನಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತು. ಲೋಟವನ್ನು ಕಟ್ಟೆಯ ಮೇಲಿಟ್ಟು, ಬಣ್ಣ ಬೆರೆಸಲು ಡಬ್ಬಿ ತರಲೆಂದು ಗಾಡಿಯ ಹತ್ತಿರ ಹೋದೆ.

ಬಂದು ನೋಡಿದರೆ ಲೋಟ ಖಾಲಿ. ವಕೀಲರು ಮೀಸೆ ಒರೆಸಿಕೊಳ್ಳುತ್ತ ಹೆಂಡತಿಗೆ ಹೇಳುತ್ತಿದ್ದರು: "ಸಕ್ಕರೆ ಮರೆತಿದ್ದೀಯಲ್ಲೇ!"

೩. ಭಾನುವಾರದ ನೀರು

ಮಂಟಪ ನಿಂತಿತು. ಇನ್ನು ಒಣಗಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಮರದ ಮೇಲೆ ನೀರು ಚಿಮುಕಿಸಬೇಕು. ಮರ ನೀರನ್ನು ಕುಡಿದರೆ ಬಣ್ಣವನ್ನೂ ಕುಡಿಯುತ್ತದೆ. ಹನಿ ಹಾಗೇ ಉರುಳಿ ಬಿದ್ದರೆ ಕಾಯಬೇಕು. ನಿಶ್ಚಿತಾರ್ಥಕ್ಕೆ ಇನ್ನೂ ಆರು ವಾರವಿತ್ತು.

ಭಾನುವಾರ ಬೆಳಿಗ್ಗೆ ಹೋಗಿ ನಾಲ್ಕೂ ಕಂಬಕ್ಕೆ ನೀರು ಚಿಮುಕಿಸಿ, ಗಡಿಯಾರ ನೋಡುತ್ತ ನಿಂತೆ. ಹನಿ ಉರುಳಿತು. "ಈ ವಾರ ಆಗುವುದಿಲ್ಲ" ಎಂದು ಹೊರಟೆ.

ಮುಂದಿನ ಭಾನುವಾರ ವಕೀಲರ ತಾಯಿ ನನ್ನ ಹಿಂದೆ ಕೈಮುಗಿದು ನಿಂತಿದ್ದರು. ಎಂಬತ್ತು ದಾಟಿದ ಅಜ್ಜಿ. "ಸ್ಟೀಲ್ ಲೋಟದಲ್ಲಿ ಬ್ಯಾಡ ತಮ್ಮಾ" ಎಂದು ತಾಮ್ರದ ತಂಬಿಗೆ ಕೊಟ್ಟರು. ಇದು ಪೂಜೆಯಲ್ಲ, ಪರೀಕ್ಷೆ ಎಂದು ವಿಜ್ಞಾನಸಹಿತ ವಿವರಿಸಿದೆ. ಅವರು ಎಲ್ಲ ಕೇಳಿ, ತಂಬಿಗೆಯನ್ನು ಇನ್ನಷ್ಟು ಹತ್ತಿರ ಸರಿಸಿದರು.

ಮೂರನೆಯ ಭಾನುವಾರ ಬೇಲಿಯಾಚೆ ಪಕ್ಕದ ಮನೆಯವರು ಕಾದು ನಿಂತಿದ್ದರು. ನನ್ನ ಕೆಲಸ ಮುಗಿಯುವುದನ್ನೇ ನೋಡುತ್ತಿದ್ದು, ತಗ್ಗಿದ ದನಿಯಲ್ಲಿ ಕೇಳಿದರು: "ಅಣ್ಣಾ, ನಮ್ಮ ತೋಟಕ್ಕೂ ಒಂದ್ಸಲ ಬಂದು ಹೋಗ್ರೀ. ಬೋರ್‌ವೆಲ್ ಎಲ್ಲಿ ತೆಗೆಸೋದು ಅಂತ ಗೊತ್ತಾಗ್ತಿಲ್ಲ."

೪. ಎಣ್ಣೆ ಮತ್ತು ನೀರು

ನಾಲ್ಕನೆಯ ವಾರ, ಐದನೆಯ ವಾರ. ಮಳೆಯಿಲ್ಲ, ಸುಡು ಬಿಸಿಲು. ಆದರೂ ಹನಿ ಮುತ್ತಿನ ಹಾಗೆ ಉರುಳುತ್ತಿತ್ತು. ಕಂಬದ ಮೈ ಮಿರಮಿರನೆ ಹೊಳೆಯುತ್ತಿತ್ತು. ಒಳಗಿನ ತೇವ ಮೇಲೆ ಬರುತ್ತಿದೆ ಎಂದು ವಕೀಲರಿಗೆ ಉಪನ್ಯಾಸ ಕೊಟ್ಟೆ. ಮರ ಕಳಿಸಿದವರಿಗೆ ಎರಡು ಪುಟದ ಖಾರವಾದ ಇಂಗ್ಲಿಷ್ ಪತ್ರ ಬರೆದೆ.

"ಇನ್ನು ಎರಡೇ ವಾರ" ಎಂದರು ವಕೀಲರು. "ಬೇರೆ ಪೇಂಟರೊಬ್ಬ ಒಂದೇ ದಿನದಲ್ಲಿ ಬಳಿದು ಕೊಡ್ತೇನೆ ಅಂತಾನೆ."

"ಬಳಿಯುತ್ತಾನೆ. ಮೂರು ತಿಂಗಳಿಗೆ ಸಿಪ್ಪೆ ಏಳುತ್ತದೆ. ಮರ ನೀರು ಕುಡಿಯುವವರೆಗೆ ನಾನು ಬ್ರಷ್ ಮುಟ್ಟುವುದಿಲ್ಲ."

ಹೇಳಿದೆನೇ ಹೊರತು ಆ ವಾರ ನನಗೆ ಊಟ ರುಚಿಸಲಿಲ್ಲ. ಭಾನುವಾರದವರೆಗೆ ಕಾಯಲಾರದೆ ಶನಿವಾರವೇ ಹೋದೆ.

ಅಂಗಳದಲ್ಲಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ ಹಿಡಿದು, ಕಂಬಕ್ಕೆ ಮೇಲಿಂದ ಕೆಳಗೆ ನೀವಿ ನೀವಿ ತಿಕ್ಕುತ್ತಿದ್ದರು.

"ಅಮ್ಮಾ! ಏನು ಮಾಡ್ತಿದ್ದೀರಿ?"

"ನೀವು ನಾಳೆ ಬಂದು ನೀರು ಹಾಕ್ತೀರಲ್ಲ ತಮ್ಮಾ?"

"ಹೌದು."

"ಎಣ್ಣೆ ಹಚ್ಚದೆ ಬರೀ ನೀರು ಹಾಕಿದ್ರೆ ಮೈಗೆ ಹಿಡಿಯುತ್ತಾ? ನೀವು ಗಂಡಸರು, ನಿಮಗೆ ಗೊತ್ತಾಗಲ್ಲ ಅಂತ ಎರಡನೇ ವಾರದಿಂದ ನಾನೇ ಹಚ್ಚಿಡ್ತಾ ಇದ್ದೀನಿ."

ಏಣಿ ಹತ್ತಿ, ಅಜ್ಜಿಯ ಕೈಗೆ ಎಟುಕದ ಮೇಲಿನ ತೊಲೆಗೆ ನೀರು ಚಿಮುಕಿಸಿದೆ. ಗಟಗಟನೆ ಕುಡಿದುಬಿಟ್ಟಿತು. ಅದು ಯಾವಾಗಲೋ ಸಿದ್ಧವಾಗಿತ್ತು. ಐದು ವಾರದಲ್ಲಿ ಒಮ್ಮೆಯೂ ನಾನು ಏಣಿ ಹತ್ತಿರಲಿಲ್ಲ.

ಆಮೇಲಿನ ಐದು ದಿನ ನಾನೂ ನನ್ನ ಪೇಂಟರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮರಳು ಕಾಗದದಲ್ಲಿ ಉಜ್ಜಿದ್ದೇ ಉಜ್ಜಿದ್ದು, ಟರ್ಪೆಂಟೈನಿನಲ್ಲಿ ಒರೆಸಿದ್ದೇ ಒರೆಸಿದ್ದು. ತೊಲೆಗಳಿಗೂ ಮೂರು ಕಂಬಕ್ಕೂ ಬಣ್ಣ ಹಿಡಿಯಿತು, ವಕೀಲರ ಹೆಂಡತಿ ಹೇಳಿದ ಅದೇ ಕಾಫಿ ಬಣ್ಣ. ನಾಲ್ಕನೆಯದು ಅಡುಗೆಮನೆ ಬಾಗಿಲ ಪಕ್ಕದ್ದು. ಅಜ್ಜಿಯ ಕೈಗೆ ಮೊದಲು ಸಿಗುತ್ತಿದ್ದ ಕಂಬ. ಎಷ್ಟು ಉಜ್ಜಿದರೂ ನೀರು ಉರುಳಿಯೇ ಉರುಳಿತು. ವಕೀಲರು ಕೈಮುಗಿದು, "ಅದಕ್ಕೂ ಒಂದು ಕೋಟ್ ಬಳಿದುಬಿಡಿ ಮಾರಾಯ್ರೇ, ಯಾರು ನೋಡ್ತಾರೆ?" ಎಂದರು. ನಾನು ಬಳಿಯಲಿಲ್ಲ. ಅದು ಹಾಗೇ ಬೋಳಾಗಿ, ಎಣ್ಣೆಯಲ್ಲಿ ಫಳಫಳ ಹೊಳೆಯುತ್ತ ನಿಂತಿತು.

ನಿಶ್ಚಿತಾರ್ಥದ ದಿನ ಬೀಗರು ಕಾರಿನಿಂದಿಳಿದವರೇ ಮಂಟಪದ ಸುತ್ತ ಒಂದು ಸುತ್ತು ಬಂದರು. ಮೂರು ಕಂಬ ದಾಟಿ ನಾಲ್ಕನೆಯದರ ಹತ್ತಿರ ನಿಂತುಬಿಟ್ಟರು. ವಕೀಲರ ಮುಖ ಬಿಳಿಚಿತು. ಬೀಗರು ಕಂಬದ ಮೈ ಸವರಿ, ಮೂಸಿ ನೋಡಿ, ತಿರುಗಿದರು.

"ಮೂರೂ ಚಂದ ಅದಾವ್ರೀ. ಆದ್ರ ಇದರ ಗತ್ತೇ ಬ್ಯಾರೆ! ನಮ್ಮನಿ ಅಂಗಳಕ್ಕೂ ಹಿಂಗೇ ಆಗ್ಬೇಕು. ಯಾರ ಕೆಲಸ ಇದು?"

ವಕೀಲರು ಆಸೆಗಣ್ಣಿನಿಂದ ನನ್ನನ್ನು ನೋಡಿದರು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಕಡೆ ಬೆರಳು ತೋರಿಸಿದೆ.

ಅಜ್ಜಿ ಸೆರಗು ಸರಿಮಾಡಿಕೊಂಡು, ಬೀಗರಿಗೆ ಧಾರಾಳವಾಗಿ ಭರವಸೆ ಕೊಟ್ಟರು:

"ಅದಕ್ಕೇನಂತೆ, ಎಣ್ಣೆ ನಾನು ಬಂದು ಹಚ್ಚಿಕೊಡ್ತೀನಿ. ನೀರು ಹಾಕೋದಕ್ಕೆ ಇವರು ಬರ್ತಾರೆ."