ನೆಹೆಮೀಯ ಅಯ್ಯನವರ ಅಂಗಳ ವಿಜಯ

ಧ್ವನಿವರ್ಧಕಗಳು ಅಷ್ಟದಿಕ್ಕುಗಳನ್ನೂ ಆಳುತ್ತಿದ್ದ, ಪ್ಲಾಸ್ಟಿಕ್ ಕುರ್ಚಿಗಳು ರತ್ನಖಚಿತ ಸಿಂಹಾಸನಗಳ ಪದವಿಯನ್ನು ಕಸಿದುಕೊಂಡಿದ್ದ, ಯಾವ ಮಹಾಕಾರ್ಯವೂ ಸ್ವಾಗತ ಭಾಷಣವಿಲ್ಲದೆ ಆರಂಭವಾಗದಿದ್ದ ಈ ನಮ್ಮ ಪ್ರಖ್ಯಾತ ಕಾಲವನ್ನು ಮೊದಲು ಸ್ತುತಿಸುತ್ತೇನೆ. ಅನಂತರ ಸ್ತುತಿಸುವುದು ವೀರನನ್ನು: ದೀರ್ಘಬೋಧನಾಧುರಂಧರ, ಧವಳವಸನಶೋಭಿತ, ಘಟಿಕಾಯಂತ್ರದರ್ಶನವಿಮುಖ, ನಮ್ಮ ಚರ್ಚಿನ ಸಭೆಯ ಪಾಲಕರಾದ ರೆವರೆಂಡ್ ನೆಹೆಮೀಯ ಮಾಳಗಿಯವರನ್ನು. ಅವರ ಬೋಧನೆಯನ್ನು ಹದಿನಾಲ್ಕು ವರ್ಷ ಎರಡನೆಯ ಬೆಂಚಿನಲ್ಲಿ ಕೂತು ಕೇಳಿದವನು ನಾನು. ಈ ಕಥೆ ಹೇಳಲು ಬೇಕಾದ ತಾಳ್ಮೆ ನನಗೆ ಅಲ್ಲಿಯೇ ಬಂದಿದೆ.

ಕೇಳಿರಿ. ಧಾರವಾಡದ ಹೊರವಲಯದ ಗುಡ್ಡದ ಮೇಲೆ ಪಾಲಕರ ಸಮ್ಮೇಳನ ನೆರೆದಿತ್ತು. ಎರಡನೆಯ ದಿನ ಹನ್ನೊಂದೂಕಾಲಕ್ಕೆ, ಒಂದೇ ಮುಹೂರ್ತದಲ್ಲಿ, ಎರಡು ಸಭಾಂಗಣಗಳಲ್ಲಿ ಇಬ್ಬರು ಉಪನ್ಯಾಸಕರು. ದೊಡ್ಡ ಸಭಾಂಗಣದಲ್ಲಿ ಸಪ್ತನಗರವಿಖ್ಯಾತ ಡಾಕ್ಟರ್ ವಿಕ್ಟರ್ ಪ್ರಸನ್ನರು. ವಿಷಯ, ‘ಇಪ್ಪತ್ತು ನಿಮಿಷದಲ್ಲಿ ಬೋಧನೆ’. ಅಂಗಳದ ಈಚೆ ಬದಿಯ ಸಣ್ಣ ಸಭಾಂಗಣದಲ್ಲಿ ರೆವರೆಂಡ್ ಗಮಲಿಯೇಲ ಹೂಲಿಯವರು; ವಿಷಯ, ‘ಹಳ್ಳಿ ಪಾಲಕನ ಒಂಟಿತನ’. ಬರಬೇಕಾಗಿದ್ದ ಯಾರೋ ದೊಡ್ಡವರು ಕೈಕೊಟ್ಟದ್ದರಿಂದ ಗಮಲಿಯೇಲರಿಗೆ ಆ ಜಾಗ ಸಿಕ್ಕಿತ್ತು.

ವಿಕ್ಟರ್ ಪ್ರಸನ್ನರನ್ನು ಕೇಳಬೇಕೆಂಬುದು ಗೃಹಾಜ್ಞೆ. ನೆಹೆಮೀಯರ ಬೋಧನೆ ಉದ್ದವಾಗುತ್ತ ಉದ್ದವಾಗುತ್ತ, ನಮ್ಮ ಸಭೆಯ ಒಂಬತ್ತು ಕುಟುಂಬಗಳು ಸ್ಟೇಷನ್ ರಸ್ತೆಯ ಇನ್ನೊಂದು ಸಭೆಯ ಕಡೆ ಮುಖಮಾಡಿದ್ದವು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಧರ್ಮಪತ್ನಿ ಸುವಾರ್ತಮ್ಮನವರು, ತಿಂಡಿಯ ಡಬ್ಬಿಯನ್ನು ಕೈಗಿಡುತ್ತ, ಸ್ಪಷ್ಟವಾಗಿ ಹೇಳಿದ್ದರು:

“ನೋಡ್ರಿ, ಬ್ಯಾರೆ ಏನೂ ಕಲೀಬ್ಯಾಡ್ರಿ. ಆ ಇಪ್ಪತ್ತ ನಿಮಿಷದ್ದಷ್ಟ ಕಲ್ತಕೊಂಡ ಬರ್ರಿ. ದೇವ್ರ ವಾಕ್ಯ ಕೇಳಾಕ ನನಗೂ ಇಷ್ಟ ಐತಿ, ಆದ್ರ ಮನ್ಯಾಗ ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದಿರತೀನಿ.”

ಆದರೆ ಗಮಲಿಯೇಲರು ಯಾರು? ಪಾಲಕರಾಗಲು ಓದುವ ಮಂಗಳೂರಿನ ಸೆಮಿನರಿಯಲ್ಲಿ ನಾಲ್ಕು ವರ್ಷ ನೆಹೆಮೀಯರೊಂದಿಗೆ ಒಂದೇ ಕೋಣೆಯಲ್ಲಿದ್ದವರು, ಒಂದೇ ಛತ್ರಿಯಲ್ಲಿ ಓಡಾಡಿದವರು. ಹನ್ನೊಂದು ಮನೆಗಳ ಒಂದು ಹಳ್ಳಿ ಸಭೆಯನ್ನು ಹದಿನಾರು ವರ್ಷಗಳಿಂದ ಕಾಯುತ್ತಿರುವವರು. ಇಷ್ಟು ಸಮ್ಮೇಳನಗಳಲ್ಲಿ ಅವರನ್ನು ಯಾರೂ ಮಾತಾಡಲು ಕರೆದಿರಲಿಲ್ಲ. ಅಂದು ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ಅವರು ಗೆಳೆಯನ ಪಕ್ಕಕ್ಕೆ ಬಂದು ನಿಂತರು.

“ಲೇ ನೆಹಮ್ಯಾ, ಎಲ್ಲಾರೂ ಆ ಕಡೆ ಹೊಕ್ಕಾರ, ನನಗ ಗೊತ್ತೈತಿ. ನೀ ಒಬ್ಬ ಬಂದ್ರ ಸಾಕು. ಬರಿ ಗ್ವಾಡಿಗೆ ಮಾತಾಡಾಕ ಆಗೂದಿಲ್ಲಲೇ ನನಗ.”

ಆಗ ವೀರಾವೇಶಭರಿತರಾದ ನೆಹೆಮೀಯರು, ಒಂದು ಕೈಯಲ್ಲಿ ತಟ್ಟೆಯನ್ನು ಗುರಾಣಿಯಂತೆ ಹಿಡಿದು, ಇನ್ನೊಂದು ಕೈಯಲ್ಲಿ ಚಮಚವನ್ನೆತ್ತಿ, ನೆರೆದ ಪಾಲಕವೃಂದವೆಲ್ಲ ಕೇಳುವಂತೆ ಘೋಷಿಸಿದರು:

“ಗಮ್ಯಾ, ನಾ ಯಾರಂತ ತಿಳದೀ? ಮೂವತ್ತೊಂದು ವರ್ಷ ಪೀಠ ಹತ್ತೀನಿ! ಕರೆಂಟ್ ಹೋದ್ರೂ ಬೋಧನಾ ನಿಲ್ಸಿಲ್ಲ, ಮದಿವಿ ಮನ್ಯಾಗ ಊಟ ಆರಿದ್ರೂ ನಿಲ್ಸಿಲ್ಲ! ಮುಂದಿನ ಸಾಲಿನ್ಯಾಗ, ನಟ್ಟ ನಡುವ ಕುಂದ್ರತೀನಿ. ನೋಡಾಕತ್ತಿರು!”

ಹೀಗೆ ಮಾತು ಕೊಟ್ಟದ್ದೇನೋ ಆಯಿತು, ಉಪ್ಪಿಟ್ಟು ಇಳಿಯಲಿಲ್ಲ. ಹೋಗದಿದ್ದರೆ ಗೆಳೆಯನ ಮನಸ್ಸು ಮುರಿಯುತ್ತದೆ, ಹೋದರೆ ಇನ್ನೂ ಒಂಬತ್ತು ಕುಟುಂಬಗಳು ಹೋಗುತ್ತವೆ. ಅಂಥ ಇಕ್ಕಟ್ಟಿನಲ್ಲಿ ಅವರಿಗೆ ಹೊಳೆದದ್ದು ಪಾಲಕರಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಒಂದು ಯುದ್ಧತಂತ್ರ. ಉಪನ್ಯಾಸಕ್ಕೆ ಮೊದಲು ಆರಂಭದ ಪ್ರಾರ್ಥನೆ ಇರುತ್ತದೆ. ಪ್ರಾರ್ಥನೆಯಲ್ಲಿ ಎಲ್ಲರ ಕಣ್ಣೂ ಮುಚ್ಚಿರುತ್ತವೆ. ಗಮಲಿಯೇಲನಿಗೆ ಮುಖ ತೋರಿಸಿ ಕೂರುವುದು, ಕಣ್ಣುಗಳು ಮುಚ್ಚಿದೊಡನೆ ಎದ್ದು ದೊಡ್ಡ ಸಭಾಂಗಣ ಸೇರುವುದು, ಇಪ್ಪತ್ತು ನಿಮಿಷದ ವಿದ್ಯೆಯನ್ನು ಗ್ರಹಿಸಿ ಕೊನೆಯ ಪ್ರಾರ್ಥನೆಯ ಹೊತ್ತಿಗೆ ಮತ್ತೆ ಕುರ್ಚಿಯಲ್ಲಿರುವುದು. ದೇವರ ಮನುಷ್ಯನಿಗೆ ಇದು ಒಪ್ಪುವ ಕೆಲಸವಲ್ಲ, ನಾನೂ ಒಪ್ಪುವುದಿಲ್ಲ.

ಹನ್ನೊಂದೂಕಾಲು. ಸಣ್ಣ ಸಭಾಂಗಣದಲ್ಲಿ ಎಂಬತ್ತು ಕುರ್ಚಿಗಳು, ಮೂವರು ಶ್ರೋತೃಗಳು. ಒಬ್ಬರು ನೆಹೆಮೀಯರು, ಇನ್ನೊಬ್ಬರು ಆಗಲೇ ನಿದ್ರಾಮುದ್ರಿತನೇತ್ರರಾಗಿದ್ದ ನಿವೃತ್ತ ಉಪದೇಶಿಗಳು, ಮೂರನೆಯವನು ಮೈಕಿನವನು, ಅವನು ಸಂಬಳಕ್ಕೆ ಬಂದಿದ್ದ. ಗಮಲಿಯೇಲರು ಮುಂದಿನ ಸಾಲಿನ ಗೆಳೆಯನನ್ನು ನೋಡಿ ಹಲ್ಲು ಕಾಣುವಂತೆ ನಕ್ಕರು, ಕಣ್ಣು ಮುಚ್ಚಿದರು. “ಪ್ರಾರ್ಥನೆ ಮಾಡೋಣ,” ಎಂದರು.

ಎದ್ದರು ನೆಹೆಮೀಯರು! ಮಾರ್ಜಾಲಪಾದರಾಗಿ, ಸಂಧಿವಾತಪೀಡಿತವಾದ ಬಲಮೊಣಕಾಲನ್ನು ಮನಸ್ಸಿನಲ್ಲೇ ಪುಸಲಾಯಿಸುತ್ತ, ಬಾಗಿಲು ದಾಟಿ ಅಂಗಳಕ್ಕಿಳಿದರು. ಮೂವತ್ತೈದು ಹೆಜ್ಜೆಗಳ ಆ ಅಂಗಳವನ್ನು ದಾಟಿ ದೊಡ್ಡ ಸಭಾಂಗಣದ ಬಾಗಿಲಿಗೆ ಬಂದರೆ, ಅಲ್ಲಿ ಕೊರಳಿಗೆ ಬ್ಯಾಜು ಹಾಕಿದ ದ್ವಾರಪಾಲಕ ಅಡ್ಡ ಕೈ ಇಟ್ಟು ನಿಂತಿದ್ದ.

“ಒಳಗ ಪ್ರಾರ್ಥನಾ ನಡದೈತ್ರಿ ಅಯ್ಯನೋರ. ಆಮೆನ್ ಆದಮ್ಯಾಲೆ ಬಿಡ್ತೀನಿ.”

ನೆಹೆಮೀಯರು ತಲೆತಗ್ಗಿಸಿ ನಿಂತರು. ಆಗ ಬೆನ್ನ ಹಿಂದಿನಿಂದ, ಸಣ್ಣ ಸಭಾಂಗಣದ ಧ್ವನಿವರ್ಧಕದಿಂದ, ಗಮಲಿಯೇಲರ ದನಿ ಅಂಗಳವನ್ನು ದಾಟಿ ಬಂತು: “ತಂದೆಯೇ, ಈ ಸ್ಥಳದಲ್ಲಿ ನಾನು ಒಬ್ಬನೇ ಅಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಗೆಳೆಯ ನೆಹೆಮೀಯನಿಗಾಗಿ ನಿನಗೆ ಸ್ತೋತ್ರ.”

ಆ ಮಾತು ನೆಟ್ಟಗೆ ಎದೆಗೆ ನಾಟಿತು. ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು. ಹಿಂದಿರುಗಬೇಕು, ಆಮೆನ್ ಆಗುವುದರೊಳಗೆ ಕುರ್ಚಿ ಸೇರಬೇಕು! ಆದರೆ ತಿರುಗಿ ನೋಡಿದರೆ ಅಂಗಳದ ನಡುಮಧ್ಯದ ಕಾಲುದಾರಿಯಲ್ಲಿ, ಎರಡೂ ಬದಿಗೆ ಆಗಷ್ಟೇ ನೀರುಣಿಸಿದ ಹೂಪಾತಿಗಳಿದ್ದಲ್ಲಿ, ವರ್ಗಾವಣಾಧಿಕಾರಸಂಪನ್ನರಾದ ಪ್ರಾಂತದ ಕಾರ್ಯದರ್ಶಿಗಳು ಕೈಜೋಡಿಸಿ ನಿಂತಿದ್ದಾರೆ. ಪ್ರಾರ್ಥನೆ ಕಿವಿಗೆ ಬಿದ್ದಲ್ಲೇ ನಿಂತು ತಲೆಬಾಗುವುದು ನಮ್ಮವರ ಪದ್ಧತಿ. ಎರಡು ಕಡೆಯಿಂದ ಬಿದ್ದರೆ ಒಂದಾದರೂ ಮುಗಿಯುವವರೆಗೆ ಕದಲುವಂತಿಲ್ಲ. ನೆಹೆಮೀಯರು ಹತ್ತು ಹೆಜ್ಜೆ ನಡೆದು ಅವರ ಬೆನ್ನ ಹಿಂದೆ ಕಂಬವಾದರು.

ಮೂವತ್ತೊಂದು ವರ್ಷ ಜನರ ಹಸಿವನ್ನು ಲೆಕ್ಕಿಸದ ಆ ಬೋಧಕಾಗ್ರಣಿಯು ಅಂದು ಮೊದಲ ಬಾರಿಗೆ, ಇನ್ನೊಬ್ಬರ ಪ್ರಾರ್ಥನೆ ಉದ್ದವಾಗಲೆಂದು ಪ್ರಾರ್ಥಿಸಿದರು. ಆ ಪ್ರಾರ್ಥನೆ ತಕ್ಷಣ ಕೇಳಲ್ಪಟ್ಟಿತು. ಗಮಲಿಯೇಲರು ದೇಶದ ನಾಯಕರಿಗಾಗಿ ಬೇಡಿದರು, ರೋಗಿಗಳಿಗಾಗಿ ಬೇಡಿದರು, ಮುಂಗಾರಿಗಾಗಿ ಬೇಡಿದರು, ಹಿಂಗಾರಿಗಾಗಿ ಪ್ರತ್ಯೇಕವಾಗಿ ಬೇಡಿದರು. ಅಡಿಗೆಯವರನ್ನು ನೆನೆದರು, ಪಾತ್ರೆ ತೊಳೆಯುವವರನ್ನು ನೆನೆದರು. ಸಣ್ಣ ಸಭಾಂಗಣದ ಫ್ಯಾನಿಗಾಗಿ ಸ್ತೋತ್ರ ಹೇಳಿದರು, ಆಮೇಲೆ ಅದನ್ನು ದಾನ ಕೊಟ್ಟವರಿಗಾಗಿ, ಆಮೇಲೆ ತಿರುಗದೆ ನಿಂತಿದ್ದ ಇನ್ನೊಂದು ಫ್ಯಾನಿಗಾಗಿಯೂ. ಹದಿನೈದು ನಿಮಿಷ ಹೀಗೆ ಸಾಗಿತು.

ಕಟ್ಟಕಡೆಗೆ ದೊಡ್ಡ ಸಭಾಂಗಣದಲ್ಲಿ “ಆಮೆನ್” ಎಂಬ ಮಹಾಘೋಷವೆದ್ದಿತು. ದ್ವಾರಪಾಲಕ ಕೈ ತೆಗೆದು, “ಬರ್ರಿ ಅಯ್ಯನೋರ, ಒಂದ ಕುರ್ಚಿ ಐತಿ!” ಎಂದು ಕೂಗಿದ. ಒಳಗಿನಿಂದ ವಿಕ್ಟರ್ ಪ್ರಸನ್ನರ ಮಧುಗಂಭೀರ ಕಂಠ ಕೇಳಿಸಿತು: “ಬೋಧನೆಯನ್ನು ಬೇಗ ಮುಗಿಸುವ ಮೊದಲನೆಯ ಗುಟ್ಟು...” ಕಾರ್ಯದರ್ಶಿಗಳು ತಲೆಯೆತ್ತಿ ಆ ಕಡೆಗೇ ಹೊರಟರು. ಈಗ ಎರಡೂ ದಾರಿಗಳು ತೆರೆದಿದ್ದವು.

ಆಗ ನೆಹೆಮೀಯರು ತಮ್ಮ ಕಾಲುಗಳನ್ನೇ ಉದ್ದೇಶಿಸಿ ನುಡಿದರು: “ಎಲೈ ಪಾದಯುಗ್ಮವೇ! ಗುಟ್ಟು ಹೇಳುವವನಿಗೆ ಮುನ್ನೂರು ಕಿವಿಗಳಿವೆ. ನನ್ನ ಗೆಳೆಯನಿಗೆ ಇರುವುದು ಈ ಎರಡೇ. ಸುವಾರ್ತಮ್ಮನಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ, ನಡೆ!” ಎಂದು ಧವಳವಸನವನ್ನು ಮೊಣಕಾಲಿನವರೆಗೆ ಎತ್ತಿ, ಎಡಬದಿಯ ಚೆಂಡುಹೂವಿನ ಪಾತಿಯನ್ನು ನಿರ್ದಯವಾಗಿ ತುಳಿದು, ಏದುಸಿರು ಬಿಡುತ್ತ ಬಾಗಿಲು ಹೊಕ್ಕು, ಮುಂದಿನ ಸಾಲಿನ ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದರು.

“ಆಮೆನ್,” ಎಂದರು ಗಮಲಿಯೇಲರು, ತಟ್ಟನೆ.

ಉಪನ್ಯಾಸಕ್ಕೆ ಉಳಿದ ಸಮಯದಲ್ಲಿ ಅವರು ಹನ್ನೊಂದು ಮನೆಗಳ ಕಥೆ ಹೇಳಿದರು. ಹಬ್ಬ ಮುಗಿದ ಮರುದಿನ ಕಾಣಿಸುವ ಖಾಲಿ ಬೆಂಚುಗಳ ಬಗ್ಗೆ ಹೇಳಿದರು. ಉಪದೇಶಿಗಳು ಎಚ್ಚರಾಗಿ ಕಣ್ಣೊರೆಸಿಕೊಂಡರು, ಮೈಕಿನವನು ಫೋನು ಒಳಗಿಟ್ಟ. ನೆಹೆಮೀಯರು ಒಮ್ಮೆಯೂ ಬಾಗಿಲಿನ ಕಡೆ ನೋಡಲಿಲ್ಲ.

ಹೊರಗೆ ಬರುತ್ತಿದ್ದಂತೆ ಸುವಾರ್ತಮ್ಮನವರ ಫೋನು. “ಕಲ್ತ್ರೇನ್ರಿ?”

“ಇಲ್ಲವಾ. ಗಮಲಿಯೇಲನ ಕಡೆ ಕುಂತಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ.”

“ಹಂಗಾದ್ರ ಛಲೋ ಮಾಡಿದ್ರಿ ಬಿಡ್ರಿ,” ಎಂದರು ಅಮ್ಮನವರು. “ನಾನ ಕಲಸ್ತೀನಿ. ನಾ ಎದ್ದು ನಿಂತ್ರ ನೀವು ಮುಗಸ್ಬೇಕು.”

ಊಟದ ಸಾಲಿನಲ್ಲಿ ನೆಹೆಮೀಯರು ಗೆಳೆಯನ ಹೆಗಲ ಮೇಲೆ ಕೈ ಹಾಕಿ, ತಪ್ಪೊಪ್ಪಿಕೊಳ್ಳುವ ಧೈರ್ಯ ಸಾಲದೆ, ಸುಮ್ಮನೆ ಕೆಣಕಿದರು: “ಮಾತು ಛಲೋ ಇತ್ತಲೇ. ಆದ್ರ ಪ್ರಾರ್ಥನಾ ಏನಪಾ ಅಷ್ಟುದ್ದ? ನನ್ನ ಮೀರಿಸಿದಿ.”

“ಏನ್ ಮಾಡ್ಲಿ?” ಎಂದರು ಗಮಲಿಯೇಲರು, ತಟ್ಟೆ ಒರೆಸುತ್ತ. “ನಿನ್ನ ಹೆಸರು ತಗೊಂಡು ಕಣ್ಣು ಬಿಟ್ಟೆ, ಕುರ್ಚಿ ಖಾಲಿ. ಕಿಟಕ್ಯಾಗಿಂದ ನೋಡಿದ್ರ ಹೂವಿನ ಪಾತಿ ನಡುವ ಸಿಕ್ಕೊಂಡು ನಿಂತೀದಿ. ನೀ ಬಂದು ಕುಂದ್ರೂ ತನಕಾ ಆಮೆನ್ ಹ್ಯಾಂಗ ಅನ್ಲಿ?”

ಹಾಗೆ ಎರಡು ಧ್ವನಿವರ್ಧಕಗಳ ನಡುವೆ ನಡೆದ ಆ ಘೋರಸಮರದಲ್ಲಿ ಮಡಿದದ್ದು ಆರು ಚೆಂಡುಹೂವಿನ ಗಿಡಗಳು. ಅವರಿಬ್ಬರ ಸರದಿ ಬರುವಷ್ಟರಲ್ಲಿ ಕೋಳಿ ಸಾರಿನಲ್ಲಿ ತುಂಡುಗಳು ಮುಗಿದಿದ್ದವು. ಇಬ್ಬರೂ ಬರೀ ಸಾರನ್ನೇ ಅನ್ನಕ್ಕೆ ಸುರಿಸಿಕೊಂಡು ಉಂಡರು.