ಮೂರನೇ ಕರೆಗೆ ದಾರಿ ಬಿಡುವ ಬಗ್ಗೆ

ಜಮಖಂಡಿ, ೧೨-೪-೨೦೧೦

ಇಂದ:
ನಾರಾಯಣ ಗಲಗಲಿ,
ನಿವೃತ್ತ ಶಿರಸ್ತೇದಾರ, ಜಮಖಂಡಿ.

ಗೆ:
ಮಾನ್ಯ ಇಮೇಲ್ ತಡೆಪಟ್ಟಿ ಅಧಿಕಾರಿಗಳು,
ಇಂಟರ್ನೆಟ್ (ಊರು ತಿಳಿದುಬಂದಿಲ್ಲ).

ವಿಷಯ: ಎರಡು ಇಂಟರ್ನೆಟ್ ವಿಳಾಸಗಳನ್ನು ತಡೆಪಟ್ಟಿಯಿಂದ ತೆಗೆದು, ಮಗಳ ಮದುವೆಗೆ ಸೋದರಮಾವ ಬರುವಂತೆ ಮಾಡುವ ಕುರಿತು.

ಉಲ್ಲೇಖ: ವಾಪಸಾದ ಇಮೇಲಿನ ಬೆನ್ನಿಗೆ ಬಂದ ತಮ್ಮ ಇಂಗ್ಲಿಷ್ ಷರಾ.

ಮಾನ್ಯರೇ,

೧. ಸದರಿ ಅರ್ಜಿದಾರನ ಹೆಂಡತಿ ತುಳಸಾಬಾಯಿಗೆ ಮಂದಾರ ಎಂಬ ಒಬ್ಬನೇ ತಮ್ಮನಿದ್ದು, ಉಗಾಂಡಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿರುತ್ತಾನೆ. ಪತ್ರಿಕೆ ಕೊಡುವಾಗ ಒಮ್ಮೆ, ಹಿಂದಿನ ದಿನ ಒಮ್ಮೆ, ಎಲೆ ಹಾಕಿದಾಗ ಒಮ್ಮೆ, ಹೀಗೆ ಮೂರು ಸಲ ಕರೆಯುವುದು ನಮ್ಮ ಬಳಗದ ಪದ್ಧತಿ. ಮಗನ ಮುಂಜಿವೆಯ ದಿನ ಮಂದಾರ ಎದುರುಮನೆಯಲ್ಲಿ ಮಡಿ ಉಟ್ಟು ಮೂರನೇ ಕರೆಗೆ ಕಾದು ಕುಳಿತ. ಮನೆಯ ಮನುಷ್ಯನಿಗೆ ಎಂಥ ಕರೆ ಎಂದು ಅರ್ಜಿದಾರ ಕರೆಯಲು ಹೋಗಲಿಲ್ಲ. ಆ ಕಾರಣ ಅವನು ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದ; ಅಂದಿನಿಂದ ಅಕ್ಕನ ಫೋನೂ ಎತ್ತಿಲ್ಲ. ತಪ್ಪು ಯಾರದೆಂಬ ವ್ಯಾಜ್ಯ ಅರ್ಜಿದಾರನ ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

೨. ಈಗ ಮಗಳು ಮೃಣಾಲಿನಿಯ ಮದುವೆ. ಅವಳನ್ನು ಅಂತರಪಟದ ಮುಂದೆ ಕರೆತರಬೇಕಾದವನು ಸೋದರಮಾವ. ಆದ್ದರಿಂದ ಕಂಪ್ಯೂಟರ್ ಅಂಗಡಿಯ ದುರಗೇಶನನ್ನು ಮನೆಗೆ ಕರೆಸಿ ಇಮೇಲ್ ಕಳಿಸಲಾಯಿತು. ಒಬ್ಬನನ್ನು ಕರೆದು ಉಳಿದವರನ್ನು ಬಿಡುವುದು ಹೇಗೆ? ಆದ್ದರಿಂದ ನಮಗೆ ಎಂದಾದರೂ ಇಮೇಲ್ ಬರೆದ ಸಕಲರನ್ನೂ, ದೀಪಾವಳಿಗೆ ಶುಭ ಕೋರಿದ್ದ ವಿಮಾ ಕಂಪನಿಯನ್ನೂ, ಉತ್ತರಿಸಬೇಡಿ ಎಂದು ಸಂಕೋಚಪಟ್ಟುಕೊಂಡಿದ್ದ ಬ್ಯಾಂಕನ್ನೂ ಕರೆಯಲಾಯಿತು. ಮಂದಾರ ದೂರದಿಂದ ಹೊರಡಬೇಕಾದ್ದರಿಂದ ಮೂರೂ ಕರೆಗಳನ್ನು ಮುಂಗಡವಾಗಿಯೇ ಮುಗಿಸುವುದೆಂದು ಎರಡನೇ ಕರೆಯೂ ಹೋಯಿತು. ಆಗ ಮಂದಾರನಿಂದ ಒಂದೇ ಸಾಲು ಬಂತು: "ಮೂರನೇದ್ ಬರ್ಲಿ, ನೋಡೂಣು." ತುಳಸಾಬಾಯಿ ಅದನ್ನು ಮತ್ತೆ ಮತ್ತೆ ಓದಿಸಿಕೊಂಡು ಅತ್ತಳು.

೩. ಮೂರನೇದು ಹೊರಡುವಷ್ಟರಲ್ಲಿ ತಾವು ನಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನು ಕಸ ಕಳಿಸುವವರ ಪಟ್ಟಿಗೆ ಸೇರಿಸಿದಿರಿ. ದುರಗೇಶನ ಅಂಗಡಿಯಿಂದ ಎಲ್ಲರಿಗೂ ಕಳಿಸಹೋದರೆ ಅಲ್ಲಿನ ವಿಳಾಸವನ್ನೂ ಸೇರಿಸಿದಿರಿ. ಮುಧೋಳಕ್ಕೆ ಹೋಗಿ ಕಳಿಸೋಣವೆಂದರೆ ಅವನು, "ಕಾಕಾ, ಕೈ ಮುಗೀತೇನ್ರಿ, ಮುಧೋಳಾದ್ರೂ ಉಳೀಲಿ" ಎಂದ. ಅಲ್ಲದೆ ಪರವೂರಿನ ಹೊಸ್ತಿಲಲ್ಲಿ ನಿಂತು ಮನೆಯ ಮದುವೆಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

೪. ಮೂರು ಸಲ ಕರೆಯುವವನು ಕಾಟ ಕೊಡುವವನೆಂದು ತಮ್ಮ ಅಂಬೋಣ. ಒಂದೇ ಸಲ ಕರೆದವನು ಬರಬೇಡ ಎಂದವನೇ ಎಂದು ನಮ್ಮವರ ಅಂಬೋಣ. ತುಳಸಾಬಾಯಿ ದಿನಾ ಚಹಾ ಕೊಡುತ್ತ, "ಮೂರನೇದ್ ಹೋತೇನ್ರಿ?" ಎಂದು ಕೇಳುತ್ತಾಳೆ. ಕೋರ್ಟಿನಲ್ಲಿ ಊರಿಗೆಲ್ಲ ಮುಂದಿನ ತಾರೀಖು ಹೇಳಿದ ಅರ್ಜಿದಾರನಿಗೆ ಇವಳಿಗೊಂದು ತಾರೀಖು ಹೇಳಲು ಬಾಯಿ ಬರುವುದಿಲ್ಲ.

ಆದ್ದರಿಂದ ಎರಡೂ ವಿಳಾಸಗಳನ್ನು ಬಿಡುಗಡೆ ಮಾಡಬೇಕು. ಆಗದಿದ್ದಲ್ಲಿ ಉಗಾಂಡಾಕ್ಕೆ ಹೋಗುವ ಆ ಒಂದು ಕರೆಗಾದರೂ ದಾರಿ ಬಿಡಬೇಕು.

ಪಟ್ಟಿಯೊಳಗಿಂದಲೇ ಕೈ ಮುಗಿಯುವ
ತಮ್ಮ ವಿಶ್ವಾಸಿ,
ನಾರಾಯಣ ಗಲಗಲಿ

ಲಗತ್ತು:
೧. ವಾಪಸಾದ ಇಮೇಲಿನ ಪ್ರತಿ
೨. ಅಕ್ಷತೆ, ಒಂದು ಚಿಟಿಕೆ
೩. ಲಗ್ನಪತ್ರಿಕೆ, ತಮ್ಮ ಹೆಸರಿಗೆ

ವಿ.ಸೂ.: ಲಗತ್ತು ಮೂರನ್ನು ತಮಗೆ ಮೊದಲ ಕರೆಯೆಂದು ಭಾವಿಸಬೇಕು. ಉಳಿದೆರಡು ಇಮೇಲಿನಲ್ಲಿ ಬರಲಿದ್ದು, ಅವು ತಮಗೆ ತಲುಪಬೇಕಾದರೆ ಏನು ಮಾಡಬೇಕೆಂಬುದು ತಮಗೇ ಗೊತ್ತಿದೆ.