ಡಂಕಣ್ಣ, ಮಾರೆಪ್ಪ, ರೂಬವ್ವ ಮತ್ತು ನನ್ನ ನಾಲಿಗೆ

ನನ್ನ ನಾಲಿಗೆಯ ಮೇಲೆ ನನಗೆ ಅಪಾರ ವಿಶ್ವಾಸವಿತ್ತು. ರಾಯಚೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿರುವವನಿಗೆ ಹುಳಿ ಎಂದರೇನು, ಸಿಹಿ ಎಂದರೇನು ಎಂದು ಯಾರು ಹೇಳಿಕೊಡಬೇಕು? ಸಾರಿಗೆ ಉಪ್ಪು ಕಡಿಮೆ ಎಂದು ನಾನು ತೀರ್ಪು ಕೊಟ್ಟರೆ ನನ್ನ ಹೆಂಡತಿ ಮಹಾದೇವಿ ಮರುಮಾತಾಡದೆ ಉಪ್ಪಿನ ಡಬ್ಬಿ ತಂದು ನನ್ನ ಮುಂದೆ ಕುಕ್ಕುತ್ತಿದ್ದಳು. ಅದನ್ನು ನಾನು ಗೌರವ ಎಂದೇ ತಿಳಿದಿದ್ದೆ!

ಡಿಸೆಂಬರಿನ ಒಂದು ಸಂಜೆ ಮಹಾದೇವಿಯ ತಮ್ಮ ಬಸವರಾಜನ ಫೋನು ಬಂತು. ದೇವದುರ್ಗದಿಂದ ಸ್ವಲ್ಪ ಆಚೆ, ಕಾಲುವೆಯ ಪಕ್ಕದಲ್ಲಿ ಅವನ ತೋಟ.

"ಮಾವಾ, ಗ್ರೇಪ್‌ಫ್ರೂಟ್ ಚಲೋ ಬಂದಾವ ಈ ಸಲ. ಮಾನ್ವಿ ಖಾಜಾಸಾಬ್ರು ರವಿವಾರ ನೋಡಾಕ ಬರ್ತಾರ. ಹಣ್ಣಿನ ವ್ಯಾಪಾರ ಅದ, ಜ್ಯೂಸಿನ ಅಂಗಡಿನೂ ಅದ ಅವರ್ದು. ನನ್ನ ಹಂತ್ಯಾಕ ಮೂರು ಜಾತಿ ಅದಾವ. ಯಾವ್ದು ರುಚಿ ಅಂತ ನೀವೇ ಬಂದು ಹೇಳ್ರಿ. ಅದನ್ನೇ ಇನ್ನೊಂದು ಎಕರೆ ಹಚ್ತೀನಿ."

"ಹಕ್ಕಿ ತಿನ್ನದಂಗ ಬಲಿ ಹೊದಿಸೀಯೇನು?" ಎಂದು ಕೇಳಿದೆ. "ಗೊಂಚಲು ಕೊಯ್ಯೋ ಮುಂದ ಕಾಳು ಉದುರಬಾರ್ದು ನೋಡು."

"ಮಾವಾ, ಒಂದೊಂದು ಹಣ್ಣು ಅರ್ಧ ಕೇಜಿ ಅದ."

"ಅರ್ಧ ಕೇಜಿ ದ್ರಾಕ್ಷಿ? ಔಷಧ ಜಾಸ್ತಿ ಹೊಡದೀಯಪಾ!"

ಮಹಾದೇವಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಐದು ನಿಮಿಷ ತಮ್ಮನ ಜೊತೆ ಮಾತಾಡಿ ಕೆಳಗಿಟ್ಟು ಹೇಳಿದಳು, "ದ್ರಾಕ್ಷಿ ಅಲ್ರೀ. ಚಕ್ಕೋತದ ಬಳಗದ ಹಣ್ಣು. ದ್ರಾಕ್ಷಿ ಹಂಗ ಗೊಂಚಲ ಗೊಂಚಲ ಬಿಡ್ತಾವಂತ, ಅದಕ್ಕ ಆ ಹೆಸರು."

"ಗೊತ್ತಿತ್ತು. ಅವನ್ನ ಪರೀಕ್ಷಾ ಮಾಡಾಕತ್ತಿದ್ದೆ" ಎಂದೆ.

ರವಿವಾರ ಬೆಳಗಿನ ಬಸ್ಸಿಗೆ ಹೊರಟೆವು. ನನ್ನ ಚೀಲದಲ್ಲಿ ಒಂದು ಹೊಸ ನೋಟ್‌ಬುಕ್ಕು, ಕಾಲೇಜಿನಿಂದ ತಂದ ಲಿಟ್ಮಸ್ ಕಾಗದ, ಒಂದು ಗಾಜಿನ ಕೊಳವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ವಾಸನೆ, ಹುಳಿ, ಸಿಹಿ, ಕಹಿ, ಒಟ್ಟು ಗಾಂಭೀರ್ಯ' ಎಂದು ಅಂಕಣ ಎಳೆದಿದ್ದೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಬಿಸಿ ಮಿರ್ಚಿ ಕರಿಯುತ್ತಿದ್ದರು.

"ಈಗ ಬ್ಯಾಡ್ರೀ, ರುಚಿ ನೋಡೋದದ ಅಲ್ಲಿ" ಎಂದಳು ಮಹಾದೇವಿ.

"ಶಾಸ್ತ್ರ ತಿಳಿದವರಿಗೆ ಇದೆಲ್ಲ ಅಡ್ಡಿ ಆಗೋದಿಲ್ಲ" ಎಂದು ನಾಲ್ಕು ಮಿರ್ಚಿ ತಿಂದೆ. ನಾಲ್ಕನೆಯದು ಬಹಳ ಖಾರವಿತ್ತು. ಅದರ ಉರಿ ಆರಿಸಲು ಸಕ್ಕರೆ ಜಾಸ್ತಿ ಹಾಕಿದ ಎರಡು ಕಪ್ ಚಹಾ ಕುಡಿದೆ.

ತೋಟ ಮಾತ್ರ ನೋಡುವಂತಿತ್ತು! ಕಡುಹಸಿರು ಎಲೆಗಳ ನಡುವೆ ಹಳದಿ ಹಣ್ಣುಗಳು ನಾಲ್ಕೈದು ಒತ್ತಿಕೊಂಡು ತೂಗುತ್ತಿದ್ದವು. ಟೊಂಗೆಗಳು ಭಾರಕ್ಕೆ ನೆಲ ಮುಟ್ಟುವಂತೆ ಬಾಗಿದ್ದವು. ಅವುಗಳಿಗೆ ಕವಲುಕೋಲು ಕೊಟ್ಟು ನಿಲ್ಲಿಸಿದವರು ನಮ್ಮ ಅತ್ತೆ ನೀಲವ್ವ. ವಯಸ್ಸು ಎಪ್ಪತ್ತರ ಹತ್ತಿರ. ಮಗ ಸಸಿ ತಂದು ನೆಟ್ಟ ದಿನದಿಂದ ಆ ಗಿಡಗಳ ಯೋಗಕ್ಷೇಮ ಅವರದೇ. ನರ್ಸರಿಯವರು ಕೊಟ್ಟ ಹೆಸರುಗಳು ಬಾಯಿಗೆ ಹೊಂದಲಿಲ್ಲವೆಂದು ಅವರೇ ನಾಮಕರಣ ಮಾಡಿದ್ದರು. ಬಿಳಿ ತೊಳೆಯ, ಬೀಜವಿಲ್ಲದ ಮಾರ್ಷ್ ಎಂಬುದು ಮಾರೆಪ್ಪ. ಕೆಂಪು ತೊಳೆಯ ರೂಬಿ ಎಂಬುದು ರೂಬವ್ವ. ತೊಳೆ ಬಿಳಿಯೇ ಆದರೂ ಬೀಜಗಳಿಂದ ತುಂಬಿದ ಡಂಕನ್ ಎಂಬುದು ಡಂಕಣ್ಣ.

"ಬರ್ರಿ ಯಪ್ಪಾ, ಮೊದ್ಲು ನೀರು ಕುಡೀರಿ" ಎಂದರು ಅತ್ತೆ.

"ಮೊದ್ಲು ಕೆಲಸ" ಎಂದೆ.

ಬಸವರಾಜ ಮೂರೂ ಹಣ್ಣು ಕೊಯ್ದು ಹೋಳು ಮಾಡಿಟ್ಟ. ನಾನು ಲಿಟ್ಮಸ್ ಕಾಗದ ಅದ್ದಿದೆ. ಮೂರಕ್ಕೂ ಅದು ಕೆಂಪಾಯಿತು. ಬಸವರಾಜ ಬೆರಗಾಗಿ ನೋಡಿದ. ನಿಂಬೆಹಣ್ಣಿಗೂ ಅದು ಹೀಗೇ ಕೆಂಪಾಗುತ್ತದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಬಾಯಿಗಿಟ್ಟೆ. ರೂಬವ್ವ ನನ್ನ ಬಾಯಲ್ಲಿ ಹುಳಿಯಾದಳು. ಮಾರೆಪ್ಪ ಸಪ್ಪಗಾದ. ಡಂಕಣ್ಣನ ತೊಳೆಯೊಂದನ್ನು ಕಚ್ಚಿದ್ದೇ ತಡ, ಮಿರ್ಚಿಯಿಂದ ಸುಟ್ಟ ನಾಲಿಗೆಯ ಮೇಲೆ ರಸ ಬಿದ್ದು ಕಣ್ಣಲ್ಲಿ ನೀರು ಬಂತು! ಜೊತೆಗೆ ಬೀಜವೊಂದು ಹಲ್ಲಿಗೆ ಸಿಕ್ಕಿ ಕಟಕ್ ಎಂದಿತು.

"ಇದು ಹಣ್ಣಲ್ಲ ಬಸವರಾಜ, ಶಿಕ್ಷೆ!" ಎಂದು ಘೋಷಿಸಿದೆ. "ಎಷ್ಟು ಗಿಡ ಅದಾವ ಇದರವು?"

"ಹನ್ನೆರಡು, ಮಾವಾ."

"ಕಡಿದು ಹಾಕು. ಆ ಜಾಗದಾಗ ಮಾರ್ಷ್ ಹಚ್ಚು."

ಬಸವರಾಜ ಅಕ್ಕನ ಗಂಡನ ಮಾತು ಮೀರುವವನಲ್ಲ. ನಿಜವಾಗಿಯೂ ಕೊಡಲಿ ತಂದ! ಅವನ ಮುಖ ಸಣ್ಣಗಾಗಿತ್ತು. ಆರು ವರ್ಷ ಸಾಕಿದ ಗಿಡಗಳು. ನನಗೂ ಒಂದು ಕ್ಷಣ ಅಳುಕಾಯಿತು. ಆದರೆ ತೀರ್ಪು ಕೊಟ್ಟಾಗಿತ್ತು, ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು.

ನೀಲವ್ವ ಅಡ್ಡ ಬಂದು ವಾದ ಮಾಡಲಿಲ್ಲ. ಕೊಡಲಿಯನ್ನು ಮಗನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಹೇಳಿದರು, "ಕಡಿಯೂಣಂತ. ಊಟಾ ಆಗ್ಲಿ. ಸಾಬ್ರೂ ಬಂದು ಒಂದು ಸಲ ಬಾಯಾಗ ಹಾಕ್ಕೊಂಡು ಹೋಗ್ಲಿ. ಗಿಡ ಎಲ್ಲಿಗೂ ಓಡಿ ಹೋಗಂಗಿಲ್ಲ."

ಊಟವಾಗುವ ಹೊತ್ತಿಗೆ ಮಾನ್ವಿಯಿಂದ ಖಾಜಾಸಾಬ್ ಬಂದರು. ಬಿಳಿ ಗಡ್ಡದ, ನಗುಮುಖದ, ಅವಸರವಿಲ್ಲದ ಮನುಷ್ಯ. ಅವರು ಪೂರ್ವಗ್ರಹವಿಲ್ಲದೆ ರುಚಿ ನೋಡಬೇಕೆಂದು ನಾನೊಂದು ಏರ್ಪಾಡು ಮಾಡಿದೆ. ಮೂರು ಹಣ್ಣಿನ ರಸ ಹಿಂಡಿ, ಮೂರು ಸ್ಟೀಲ್ ಲೋಟಕ್ಕೆ ಸುರಿದು, ಪ್ರತಿ ಲೋಟದ ಕೆಳಗೆ ಹೆಸರಿನ ಚೀಟಿ ಇಟ್ಟು, ಪರಾತದಲ್ಲಿ ಹೊತ್ತು ತಂದೆ. ಗಂಭೀರವಾಗಿ ನಡೆಯುವಾಗ ಕೆಳಗೆ ನೋಡುವ ಅಭ್ಯಾಸ ನನಗಿಲ್ಲ. ಹನಿ ನೀರಾವರಿಯ ಪೈಪು ಕಾಲಿಗೆ ಸಿಕ್ಕಿತು!

ಮಹಾದೇವಿ ಹಾರಿ ಬಂದು ಪರಾತ ಹಿಡಿಯದಿದ್ದರೆ ಮೂರೂ ಲೋಟ ಮಣ್ಣುಪಾಲಾಗುತ್ತಿದ್ದವು. ಲೋಟಗಳು ಉಳಿದವು, ಅರ್ಧರ್ಧ ರಸವೂ ಉಳಿಯಿತು. ಚೀಟಿಗಳು ಮಾತ್ರ ರಸದಲ್ಲಿ ಈಜುತ್ತಿದ್ದವು. ಶಾಯಿಯೆಲ್ಲ ಕರಗಿತ್ತು. ಕೆಂಪಗಿದ್ದದ್ದು ರೂಬವ್ವ ಎಂದು ಯಾರಾದರೂ ಹೇಳಬಹುದಿತ್ತು. ಉಳಿದೆರಡೂ ಒಂದೇ ಬಣ್ಣ. ಎಲ್ಲರೂ ನನ್ನ ಮುಖ ನೋಡಿದರು.

"ಈ ಕಡೆಯದು ಡಂಕನ್, ಆ ಕಡೆಯದು ಮಾರ್ಷ್" ಎಂದೆ, ಒಂದು ಕ್ಷಣವೂ ತಡಮಾಡದೆ.

ಖಾಜಾಸಾಬ್ ಮೊದಲು ಕೆಂಪು ರಸ ಕುಡಿದರು. "ಸಿಹಿ ಅದ. ನೋಡಾಕೂ ಚಂದ. ಮಕ್ಳು ಕೇಳಿ ಕೇಳಿ ಕುಡೀತಾರ." ಎರಡನೆಯದು ಕುಡಿದು, "ಹಗುರ ಅದ, ತಂಪದ. ಬ್ಯಾಸಗಿಗೆ ನಡೀತದ" ಎಂದರು. ಮೂರನೆಯ ಲೋಟದ ಒಂದು ಗುಟುಕು ಕುಡಿದವರು ಕಣ್ಣು ಮುಚ್ಚಿದರು. ಮತ್ತೊಂದು ಗುಟುಕು ಕುಡಿದರು.

"ವಾಹ್! ಮಾಸ್ತರ್ರೇ, ಹಣ್ಣಂದ್ರ ಇದು! ಮೊದ್ಲು ಹುಳಿ, ಆಮ್ಯಾಲೆ ಸಿಹಿ, ಕಡೀಕ ಒಂದೀಟು ಕಹಿ. ಲೋಟ ಖಾಲಿ ಆದ್ರೂ ಬಾಯಾಗ ಹಂಗೇ ಅದ. ಯಾವ್ದಿದು?"

"ಮಾರ್ಷ್!" ಎಂದೆ. ನನ್ನ ಎದೆ ಎರಡು ಅಂಗುಲ ಉಬ್ಬಿತು.

"ಹಂಗಾರ ಇದನ್ನೇ ಹಚ್ಚಪಾ ಬಸವರಾಜ" ಎಂದರು ಖಾಜಾಸಾಬ್. ಬಸವರಾಜ ತಲೆಯಾಡಿಸಿದ. ಅವನ ಕಣ್ಣು ಗೋಡೆಗೆ ಒರಗಿಸಿದ್ದ ಕೊಡಲಿಯ ಕಡೆ ಹೋಯಿತು.

ಆಗ ಕಟ್ಟೆಯ ಮೇಲೆ ಕೂತಿದ್ದ ನೀಲವ್ವ, "ಆ ಲೋಟ ಇಲ್ಲಿ ತರ್ರಿ" ಎಂದರು. ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. "ಇಂವಾ ಡಂಕಣ್ಣ."

"ಅತ್ತಿಯವರೇ, ಬರೇ ವಾಸನಿಯಿಂದ ಹಂಗ ಹೇಳಾಕ ಬರೋದಿಲ್ಲ. ಅದಕ್ಕೊಂದು ಶಾಸ್ತ್ರ ಅದ" ಎಂದು ನಾನು ಆರಂಭಿಸಿದೆ.

"ಶಾಸ್ತ್ರ ಆಮ್ಯಾಲೆ ಹೇಳ್ರಿ" ಎಂದಳು ಮಹಾದೇವಿ. "ಇಬ್ಬರ ಕಣ್ಣೂ ಕಟ್ತೀನಿ. ಹೊಸ ರಸ ಹಿಂಡಿ ಕೊಡ್ತೀನಿ. ಯಾರು ಸರಿ ಹೇಳ್ತೀರಿ ನೋಡೂಣು."

ಮೊದಲು ನೀಲವ್ವನ ಸರದಿ. ಮಹಾದೇವಿ ಟವೆಲ್ಲಿನಿಂದ ಕಣ್ಣು ಕಟ್ಟಿದಳು. ಆರು ಲೋಟ ಕೊಟ್ಟಳು. ಅತ್ತೆ ಒಂದೊಂದನ್ನೇ ಎತ್ತಿ ಹೇಳಿದರು, "ಇಕಿ ರೂಬವ್ವ. ಇಂವಾ ಮಾರೆಪ್ಪ. ಇಕಿ ಮತ್ತ ರೂಬವ್ವ." ಒಂದೂ ತಪ್ಪಲಿಲ್ಲ! ಆರನೆಯದನ್ನು ಮೂಸಿ, ಒಂದು ಹನಿ ನಾಲಿಗೆಗೆ ಹಚ್ಚಿ, ತುಸು ಯೋಚಿಸಿದರು. "ಇಂವಾ ಡಂಕಣ್ಣನೇ. ಆದ್ರ ಕಾಲುವಿ ಕಡೀ ಗಿಡದಾಂವ. ನೀರು ಜಾಸ್ತಿ ಕುಡ್ದಾನ, ಅದಕ್ಕ ಕಹಿ ಸ್ವಲ್ಪ ಕಡಿಮಿ."

ಬಸವರಾಜ ಬಾಯಿ ತೆರೆದು ನಿಂತ. "ಹೌದು ಮಾವಾ! ಆ ಒಂದು ಹಣ್ಣು ಕಾಲುವಿ ದಂಡಿ ಗಿಡದಿಂದಲೇ ಹರಕೊಂಡು ಬಂದೆ. ಯಾರಿಗೂ ಹೇಳಿದ್ದಿಲ್ಲ."

ಖಾಜಾಸಾಬ್ ಎದ್ದು ನಿಂತು ಕೈ ಎತ್ತಿ ನೀಲವ್ವನಿಗೆ ಸಲಾಂ ಮಾಡಿದರು. ನನ್ನ ಕಾಲೇಜಿನಲ್ಲಿ ಇಷ್ಟು ನಿಖರವಾದ ಉಪಕರಣ ಒಂದೂ ಇಲ್ಲ ಎಂಬುದನ್ನು ನಾನೂ ಮನಸ್ಸಿನಲ್ಲೇ ಒಪ್ಪಿಕೊಂಡೆ. ಮನಸ್ಸಿನಲ್ಲಿ ಮಾತ್ರ. ಏಕೆಂದರೆ ನನ್ನ ಸರದಿ ಬಾಕಿಯಿತ್ತು.

ಕಣ್ಣು ಕಟ್ಟಿಸಿಕೊಂಡು ಕೂತೆ. ಮೂರು ಲೋಟ ಬಂದವು. ಮೊದಲನೆಯದನ್ನು ಕುಡಿದು, "ಇದು ರೂಬಿ. ಮಾಧುರ್ಯವೇ ಇದರ ಲಕ್ಷಣ" ಎಂದೆ. ಎರಡನೆಯದಕ್ಕೆ, "ಇದು ಡಂಕನ್. ಒರಟು, ಶಿಸ್ತಿಲ್ಲದ ರುಚಿ" ಎಂದೆ. ಮೂರನೆಯದನ್ನು ಬಾಯಲ್ಲಿ ಹೊರಳಿಸಿ, "ಆಹಾ! ಮಾರ್ಷ್! ಏನು ಸಂಸ್ಕಾರ! ಏನು ಸಂಯಮ!" ಎಂದು ಕೈ ಮೇಲೆತ್ತಿದೆ.

ಟವೆಲ್ಲು ಬಿಚ್ಚಿಕೊಂಡೆ. ಖಾಜಾಸಾಬ್ ಹೆಗಲ ಮೇಲಿನ ರುಮಾಲಿನಿಂದ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದರು.

"ಮೂರೂ ಡಂಕಣ್ಣನ್ರೀ" ಎಂದಳು ಮಹಾದೇವಿ. "ಒಂದೇ ಹಣ್ಣಿಂದು."

ನಾನು ಮೂರನೆಯ ಲೋಟದಲ್ಲಿ ಉಳಿದಿದ್ದ ರಸವನ್ನು ಇನ್ನೊಮ್ಮೆ, ಈ ಸಲ ತೀರ್ಪು ಕೊಡದೆ, ಕುಡಿದೆ. ಊಟಕ್ಕೆ ಕೊಟ್ಟ ಮಜ್ಜಿಗೆಯಿಂದ ಮಿರ್ಚಿಯ ಉರಿ ಆರಿತ್ತು. ಮೊದಲು ಹುಳಿ ಚುರುಕ್ಕೆಂದಿತು, ಹಿಂದೆಯೇ ಸಿಹಿ ಬಂತು, ಅದು ಸರಿದ ಮೇಲೆ ಕಹಿಯೊಂದು ನಾಲಿಗೆಯ ಬುಡದಲ್ಲಿ ಮೆಲ್ಲಗೆ ಕೂತಿತು. ಎಷ್ಟು ಚೆನ್ನಾಗಿತ್ತು! ಹಲ್ಲಿಗೆ ಸಿಕ್ಕ ಒಂದು ಬೀಜದ ಸಿಟ್ಟಿಗೆ ಇಂಥ ಹನ್ನೆರಡು ಗಿಡ ಕಡಿಸಲು ಹೊರಟಿದ್ದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಬಸವರಾಜನಿಗೆ ಹಾಗೆಂದು ಹೇಳಿದೆ. ಅವನು, "ಇರ್ಲಿ ಬಿಡ್ರಿ ಮಾವಾ" ಎಂದು ಕೊಡಲಿಯನ್ನು ಒಳಗೆ ಇಟ್ಟು ಬಂದ.

ಮಾತು ಬೇಗ ಮುಗಿಯಿತು. ಹೊಸ ಎಕರೆಗೆ ಡಂಕಣ್ಣ. ಬಿಡಿ ಹಣ್ಣಿನ ಮಾರಾಟಕ್ಕೆ ರೂಬವ್ವ. ಬೇಸಿಗೆಗೆ ಇರಲಿ ಎಂದು ಮಾರೆಪ್ಪ. ಯಾವ ದಿನ ಕೊಯ್ಯಬೇಕೆಂದು ನೀಲವ್ವನೇ ಹೇಳಬೇಕು, ಅವರು ಮೂಸಿ ನೋಡದ ಹಣ್ಣು ತಮಗೆ ಬೇಡ ಎಂದು ಖಾಜಾಸಾಬ್ ಖಡಾಖಂಡಿತವಾಗಿ ಹೇಳಿ ಹೊರಟರು.

ಅವರನ್ನು ಕಳಿಸಿ ಬಂದಾಗ ಕಟ್ಟೆಯ ಮೇಲೆ ಹನ್ನೆರಡು ಎಂಜಲು ಲೋಟಗಳಿದ್ದವು. ಆ ತೋಟದಲ್ಲಿ ನನ್ನಿಂದ ಆಗಬಹುದಾದ ಕೆಲಸ ಅದೊಂದೇ ಉಳಿದಿತ್ತು. ಯಾರೂ ಹೇಳುವ ಮೊದಲೇ ಲೋಟಗಳನ್ನು ನಲ್ಲಿಯ ಹತ್ತಿರ ಒಯ್ದು, ಬೂದಿ ಹಚ್ಚಿ ತಿಕ್ಕಿ, ತೊಳೆದು, ಸಾಲಾಗಿ ಬೋರಲು ಹಾಕಿದೆ. ಕಾಲೇಜಿನ ಗಾಜಿನ ಸಾಮಾನು ತೊಳೆದ ಅನುಭವ ನನಗಿತ್ತು. ಈ ಒಂದು ವಿದ್ಯೆಯಲ್ಲಾದರೂ ನನ್ನನ್ನು ಯಾರೂ ಅಲ್ಲಗಳೆಯಲಾರರು!

ನೀಲವ್ವ ಬಂದು ಒಂದು ಲೋಟ ಎತ್ತಿದರು. ಮೂಗಿನ ಹತ್ತಿರ ಹಿಡಿದರು. ಪ್ರೀತಿಯಿಂದ ನನ್ನ ಕೈಗೆ ಕೊಟ್ಟರು.

"ಇದನ್ನ ಇನ್ನೊಮ್ಮಿ ತಿಕ್ರಿ ಯಪ್ಪಾ. ಮಾರೆಪ್ಪ ಇನ್ನಾ ಒಳಗೇ ಕುಂತಾನ."